ಸೇತುವೆಗಾಗಿ ನಾಟಕ ಆಡಿಸಿದ ಸಂತ: ತಾಂಗ್‌ತೋಂಗ್ ಗ್ಯಾಲ್ಪೊ

ಮೈಸೂರು-ಮಡಿಕೇರಿ ಹೆದ್ದಾರಿಯಲ್ಲಿ ಪಿರಿಯಾಪಟ್ಟಣ ದಾಟಿ, ಕುಶಾಲನಗರ ಇನ್ನೇನು ಬಂತು ಎನ್ನುವಷ್ಟರಲ್ಲಿ ಸಿಗುವ ಊರು ಬೈಲಕುಪ್ಪೆ. ವಾರಾಂತ್ಯದಲ್ಲಿ ಇಲ್ಲಿಗೆ ಬರುವ ಬೆಂಗಳೂರು, ಮೈಸೂರಿನ ಪ್ರವಾಸಿಗರ ದಿನಚರಿ ಹೆಚ್ಚುಕಡಿಮೆ ಒಂದೇ. ಸ್ವರ್ಣ ದೇವಾಲಯದಲ್ಲಿ ಬುದ್ಧನ ಎತ್ತರದ ಮೂರ್ತಿಗಳ ಮುಂದೆ ಅರ್ಧ ಗಂಟೆ, ಆಮೇಲೆ ಟಿಬೆಟನ್ ಹೋಟೆಲಿನಲ್ಲಿ ಒಂದು ತಟ್ಟೆ ಮೊಮೊ, ಒಂದು ಬಟ್ಟಲು ತುಕ್ಪ, ಹಿಂದಿರುಗುವಾಗ ಸೆರಾ ವಿಹಾರದ ಕಡೆಗೊಂದು ಸುತ್ತು. ಈ ಜನ ತಮ್ಮ ದೇಶದಿಂದ ಹೊತ್ತು ತಂದದ್ದು ಧರ್ಮ ಮತ್ತು ಅಡುಗೆ ಮಾತ್ರವಲ್ಲ, ಬೆಳಗಿನಿಂದ ಸಂಜೆಯವರೆಗೆ ಬಯಲಿನಲ್ಲಿ ಹಾಡಿ ಆಡುವ ಒಂದು ಸಂಗೀತ ನಾಟಕವನ್ನೂ ತಂದರು ಎಂಬುದು ಬಹುಮಂದಿಗೆ ತಿಳಿಯದು. ಆ ನಾಟಕದ ಹೆಸರು ಆಚೆ ಲ್ಹಾಮೊ. ಇದು ಕನ್ನಡದ ಆಚೆಯಲ್ಲ. ಟಿಬೆಟನ್ ಭಾಷೆಯಲ್ಲಿ ಆಚೆ ಎಂದರೆ ಅಕ್ಕ, ಲ್ಹಾಮೊ ಎಂದರೆ ದೇವಿ.

ಈ ಅಕ್ಕ-ದೇವಿಯರ ಆಟಕ್ಕೆ ಒಬ್ಬ ಮೂಲಪುರುಷನಿದ್ದಾನೆ. ರಂಗದ ನಡುವೆ ಆತನ ಮೂರ್ತಿಯನ್ನೋ ಚಿತ್ರಪಟವನ್ನೋ ಇಟ್ಟು, ಅದಕ್ಕೆ ನಮಿಸಿದ ನಂತರವೇ ಆಟ ಆರಂಭಿಸುವುದು ಪದ್ಧತಿ. ಕಪ್ಪು ಮೈಬಣ್ಣ, ಎದೆಯವರೆಗೆ ಇಳಿದ ಬಿಳಿ ಗಡ್ಡ, ನೆತ್ತಿಯ ಮೇಲೆ ಕಟ್ಟಿದ ಜಟೆ, ಒಂದು ಕೈಯಲ್ಲಿ ಆಯುಷ್ಯದ ಕಲಶ, ಇನ್ನೊಂದು ಕೈಯಲ್ಲಿ ಕಬ್ಬಿಣದ ಸರಪಳಿಯ ಕೊಂಡಿಗಳು. ದೇವರ ಕೈಯಲ್ಲಿ ಶಂಖ, ಚಕ್ರ, ತ್ರಿಶೂಲಗಳನ್ನು ಕಂಡು ಅಭ್ಯಾಸವಾದ ಕಣ್ಣಿಗೆ ಕಮ್ಮಾರಸಾಲೆಯ ಸರಪಳಿ ಹಿಡಿದು ಕುಳಿತ ಈ ಸಂತ ವಿಚಿತ್ರವಾಗಿ ಕಾಣುತ್ತಾನೆ. ಇವನೇ ತಾಂಗ್‌ತೋಂಗ್ ಗ್ಯಾಲ್ಪೊ. ಹದಿನೈದನೆಯ ಶತಮಾನದ ಟಿಬೆಟ್‌ನಲ್ಲಿ ಯೋಗಿ, ಹುಚ್ಚ, ವೈದ್ಯ, ಕಮ್ಮಾರ, ಸೇತುವೆಗಾರ, ನಾಟಕಕಾರ ಎಂದೆಲ್ಲ ಕರೆಸಿಕೊಂಡ ವ್ಯಕ್ತಿ.

ಬಯಲಿನ ರಾಜ

ಪಶ್ಚಿಮ ಟಿಬೆಟ್‌ನ ಸಾಂಗ್ ಪ್ರಾಂತ್ಯದ ಓಲ್ಪಾ ಲ್ಹಾರ್ತ್ಸೆ ಎಂಬಲ್ಲಿ ಆತನ ಜನನ. ಸಂಪ್ರದಾಯ ಹೇಳುವ ವರ್ಷ 1361, ಮರಣ 1485. ಎಂದರೆ 125 ವರ್ಷಗಳ ಬಾಳು. ಇದನ್ನು ಒಪ್ಪಲು ಹಿಂಜರಿಯುವ ವಿದ್ವಾಂಸರು ಜನನ 1385, ಮರಣ 1464 ಎನ್ನುತ್ತಾರೆ. ಟಿಬೆಟನ್ ಪಂಚಾಂಗದಲ್ಲಿ ಪ್ರಾಣಿಗಳ ಹೆಸರಿನ ವರ್ಷಗಳು ಹನ್ನೆರಡು ವರ್ಷಕ್ಕೊಮ್ಮೆ ಮರಳುವುದರಿಂದ ಇಂತಹ ಗೊಂದಲ ಸಹಜ. ಜನಪದಕ್ಕೆ ಈ ಲೆಕ್ಕಾಚಾರದ ಹಂಗಿಲ್ಲ. ತಾಯಿಯ ಗರ್ಭದಲ್ಲೇ ಅರವತ್ತು ವರ್ಷ ಧ್ಯಾನಸ್ಥನಾಗಿದ್ದು, ಹುಟ್ಟುವಾಗಲೇ ನೆರೆತ ಕೂದಲು, ಬಿಳಿ ಗಡ್ಡ ಹೊತ್ತು ಬಂದ ಎಂದು ಅದು ನಂಬಿದೆ.

ಆತನ ಬದುಕಿನ ಬಗ್ಗೆ ಇಂದು ಹೆಚ್ಚು ಬಳಕೆಯಲ್ಲಿರುವ ಗ್ರಂಥ 1609ರಲ್ಲಿ ಆತನ ವಂಶಸ್ಥನೇ ಆದ ಗ್ಯುರ್ಮೆ ದೆಚೆನ್ ಬರೆದದ್ದು. ಸಂತನ ಕಾಲಕ್ಕೆ ಹತ್ತಿರದ, ಇದಕ್ಕಿಂತ ಹಳೆಯ ಕೆಲವು ಚರಿತ್ರೆಗಳೂ ಉಳಿದಿವೆ. ಅಮೆರಿಕದ ವಿದ್ವಾಂಸ ಸೈರಸ್ ಸ್ಟರ್ನ್ಸ್ ಇವುಗಳನ್ನು ಜರಡಿ ಹಿಡಿದು, 1609ರ ಕೃತಿಯನ್ನು 2007ರಲ್ಲಿ ಇಂಗ್ಲಿಷಿಗೆ ತಂದರು. ಪವಾಡ ಮತ್ತು ಲೆಕ್ಕಪತ್ರ ಒಂದೇ ಪುಟದಲ್ಲಿ ಸಿಗುವ ಬರವಣಿಗೆಯದು. ಆಕಾಶಮಾರ್ಗದಲ್ಲಿ ಸಂಚರಿಸಿದ ಪ್ರಸಂಗದ ಬೆನ್ನಲ್ಲೇ ಕಬ್ಬಿಣದ ಹೊರೆಗಳ ಎಣಿಕೆ ಬರುತ್ತದೆ.

ತಾಂಗ್‌ತೋಂಗ್ ಗ್ಯಾಲ್ಪೊ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ವಿಶಾಲವಾದ ನಿರ್ಜನ ಮೈದಾನವೊಂದರಲ್ಲಿ ಧ್ಯಾನದಲ್ಲಿದ್ದಾಗ ಐವರು ಡಾಕಿನಿಯರು ಕಾಣಿಸಿಕೊಂಡು ಹಾಡಿ ಕೊಟ್ಟ ಬಿರುದು ಅದು ಎಂದು ಚರಿತ್ರೆ ಹೇಳುತ್ತದೆ. ಅರ್ಥ: ಶೂನ್ಯ ಬಯಲಿನ ರಾಜ. ಕನ್ನಡಿಗರಿಗೆ ಈ ಎರಡು ಪದಗಳ ಪರಿಚಯ ಹೊಸದಾಗಿ ಆಗಬೇಕಿಲ್ಲ. ಆತ ಹಿಮದ ನಾಡಿನಲ್ಲಿ ಅಲೆಯುತ್ತಿದ್ದ ಅದೇ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಆಶ್ರಯದ ದಿನಗಳಲ್ಲಿ ಶರಣರ ವಚನಗಳು ಮತ್ತೆ ಸಂಕಲನಗೊಂಡು, ಅಲ್ಲಮನ ಬಯಲು ಶೂನ್ಯಸಂಪಾದನೆಯ ರೂಪ ಪಡೆಯುತ್ತಿತ್ತು. ಇವರಿಗೆ ಅವರ ಸುದ್ದಿ ಇರಲಿಲ್ಲ, ಅವರಿಗೆ ಇವರದ್ದೂ ಇರಲಿಲ್ಲ. ಐದು ಶತಮಾನಗಳ ನಂತರ, ಹೆಸರಿನಲ್ಲೇ ಬೈಲು ಇರುವ ಊರೊಂದರಲ್ಲಿ ಆ ಬಯಲಿನ ರಾಜನ ಭಕ್ತರು ಬಂದು ನೆಲೆಸಿದ್ದು ಕಾಕತಾಳೀಯ.

ಆತನ ಸಾಧನೆಯ ದಾರಿ ಶಾಂಗ್ಪಾ ಕಗ್ಯು ಎಂಬ ಪರಂಪರೆಯದು. ಅದರ ಮೂಲದಲ್ಲಿರುವುದು ನಿಗುಮಾ ಎಂಬ ಭಾರತೀಯ ಯೋಗಿನಿ. ಜೊತೆಗೆ ನಿಂಗ್ಮಾ ಪಂಥದ ಉತ್ತರ ನಿಧಿ ಎಂಬ ಬೋಧನೆಗಳನ್ನೂ ಆತ ಪಡೆದ. ಆದರೆ ಯಾವುದೇ ಒಂದು ಮಠದ ಗಾದಿಗೆ ಅಂಟಿಕೊಳ್ಳಲಿಲ್ಲ. ಆ ಕಾಲದ ಟಿಬೆಟ್‌ನಲ್ಲಿ ದೊಡ್ಡ ದೊಡ್ಡ ವಿದ್ಯಾಕೇಂದ್ರಗಳು ತಲೆಯೆತ್ತುತ್ತಿದ್ದವು. ತ್ಸೊಂಖಾಪಾ 1409ರಲ್ಲಿ ಗಾಂದೆನ್ ಸ್ಥಾಪಿಸಿದ. ಈಗ ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆದಿರುವ ಸೆರಾ ವಿಹಾರ 1419ರದು. ಪಂಡಿತರು ತರ್ಕಶಾಸ್ತ್ರದಲ್ಲಿ ಮುಳುಗಿದ್ದ ಆ ದಿನಗಳಲ್ಲಿ ಈತ ಹರಕು ಬಟ್ಟೆ ತೊಟ್ಟು ಸ್ಮಶಾನಗಳಲ್ಲೂ ಸಂತೆಗಳಲ್ಲೂ ತಿರುಗಿದ. ಜನ ಹುಚ್ಚನೆಂದರು. ಟಿಬೆಟ್‌ನಲ್ಲಿ ಹುಚ್ಚು ಯೋಗಿಗಳ ಒಂದು ಪರಂಪರೆಯೇ ಇದ್ದುದರಿಂದ ಅದು ಅರ್ಧ ಬೈಗುಳ, ಅರ್ಧ ಗೌರವ.

ದೋಣಿಯವನ ಹುಟ್ಟಿನ ಪೆಟ್ಟು

ಈ ಹುಚ್ಚ ಸೇತುವೆ ಕಟ್ಟುವ ಯೋಚನೆಗೆ ಬಿದ್ದದ್ದು ಒಂದು ಅವಮಾನದಿಂದ ಎಂಬುದು ಪ್ರಸಿದ್ಧ ಕತೆ. ನದಿ ದಾಟಲು ಕಡವಿಗೆ ಬಂದು ದೋಣಿ ಹತ್ತಿದ. ವೇಷ ನೋಡಿ ತಿರುಕನೆಂದು ಬಗೆದ ಅಂಬಿಗ ಹುಟ್ಟಿನಿಂದ ತಲೆಗೆ ಬಾರಿಸಿ ನೀರಿಗೆ ತಳ್ಳಿದ. ಸಂತ ಮೇಲೆ ಬಂದ. ಆದರೆ ಕಾಸಿಲ್ಲದ ಬಡವರ ಗತಿಯೇನು ಎಂಬ ಚಿಂತೆ ಆತನನ್ನು ಬಿಡಲಿಲ್ಲ.

ಟಿಬೆಟ್‌ನ ನದಿಗಳನ್ನು ಬಲ್ಲವರಿಗೆ ಆ ಚಿಂತೆಯ ಭಾರ ಅರ್ಥವಾದೀತು. ಹಿಮ ಕರಗುವ ಬೇಸಿಗೆಯಲ್ಲಿ ಬ್ರಹ್ಮಪುತ್ರದ ಮೇಲ್ಭಾಗವಾದ ಯಾರ್ಲುಂಗ್ ತ್ಸಾಂಗ್ಪೊ ಉಕ್ಕಿ ಹರಿಯುತ್ತದೆ. ದಾಟಲು ಇದ್ದದ್ದು ಮರದ ದೋಣಿಗಳು ಅಥವಾ ಯಾಕ್ ಚರ್ಮದ ಹರಿಗೋಲುಗಳು. ಹಂಪಿಯ ಬಳಿ ತುಂಗಭದ್ರೆಯಲ್ಲಿ ತೇಲುವ ಹರಿಗೋಲಿನ ದೂರದ ಸಂಬಂಧಿ ಎನ್ನಬಹುದು. ಆದರೆ ಆ ನೀರಿನ ಚಳಿಯಲ್ಲಿ ಒಮ್ಮೆ ಬಿದ್ದವನು ಉಳಿಯುವುದು ಕಷ್ಟ. ಯಾತ್ರಿಕರು, ವ್ಯಾಪಾರಿಗಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಹೀಗೆ ಎಲ್ಲರೂ ಅಂಬಿಗನ ಮರ್ಜಿಯಲ್ಲಿದ್ದರು.

ಮರ ವಿರಳವಾದ ಆ ನಾಡಿನಲ್ಲಿ ಅಷ್ಟು ಅಗಲದ ನದಿಗೆ ಮರದ ಸೇತುವೆ ಆಗದ ಮಾತು. ತಾಂಗ್‌ತೋಂಗ್ ಆರಿಸಿಕೊಂಡದ್ದು ಕಬ್ಬಿಣವನ್ನು. ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಾಗಿಸಿ, ತುದಿಗಳನ್ನು ಬೆಸೆದ ಕೊಂಡಿಗಳು. ಒಂದರೊಳಗೊಂದು ಪೋಣಿಸಿದ ಸರಪಳಿ. ಎರಡೂ ದಡದಲ್ಲಿ ಸರಪಳಿಯನ್ನು ಹಿಡಿದಿಡುವ ಭಾರೀ ಕಲ್ಲಿನ ಕಟ್ಟಡ. ಸರಪಳಿಯಿಂದ ಇಳಿಬಿಟ್ಟ ಹಗ್ಗಗಳ ಕುಣಿಕೆ. ಅದರ ತಳದಲ್ಲಿ ಕಾಲಿಡಲು ಕಿರಿದಾದ ಹಾದಿ. ಒಬ್ಬರ ಹಿಂದೆ ಒಬ್ಬರು, ತೂಗುತ್ತ, ದೇವರನ್ನು ನೆನೆಯುತ್ತ ದಾಟಬೇಕು. ಕುದುರೆ, ಕತ್ತೆಗಳಿಗೆ ದೋಣಿಯೇ ಗತಿ. ಕಬ್ಬಿಣದ ಸರಪಳಿಯ ಸೇತುವೆಗಳನ್ನು ಚೀನಾ ಅದಕ್ಕೂ ಮೊದಲೇ ಕಂಡಿತ್ತು. ಈತನ ಹೆಚ್ಚುಗಾರಿಕೆ ಇರುವುದು ಒಬ್ಬ ಬೈರಾಗಿ ರಾಜಾಜ್ಞೆಯಿಲ್ಲದೆ, ಬೊಕ್ಕಸವಿಲ್ಲದೆ, ಒಂದರ ನಂತರ ಒಂದರಂತೆ ಅವನ್ನು ಕಟ್ಟಿಸಿದ್ದರಲ್ಲಿ.

1430ರಲ್ಲಿ ಲ್ಹಾಸಾ ಬಳಿ ಕ್ಯೀಚು ನದಿಗೆ ಅಡ್ಡಲಾಗಿ ಮೊದಲ ದೊಡ್ಡ ಸೇತುವೆ ಎದ್ದಿತು. ಅಲ್ಲಿಂದ ಆತ ಕಬ್ಬಿಣ ಹುಡುಕಿಕೊಂಡು ದಕ್ಷಿಣಕ್ಕೆ, ಇಂದಿನ ಭೂತಾನಕ್ಕೆ ಇಳಿದ. ಪಾರೊ ಕಣಿವೆಯ ಜನ ಅದಿರು ಕರಗಿಸುವುದರಲ್ಲಿ ನಿಪುಣರು. ಅವರಿಂದ ದಾನ ಪಡೆದ ಕಬ್ಬಿಣ ಹೊರೆಹೊರೆಯಾಗಿ ಹಿಮಾಲಯದ ಕಣಿವೆಗಳನ್ನು ಏರಿ ಟಿಬೆಟ್ ಸೇರಿತು. ಹೊತ್ತವರು ಮನುಷ್ಯರು, ಕೂಲಿಯಾಗಿ ಸಿಕ್ಕಿದ್ದು ಬಹುಪಾಲು ಪುಣ್ಯ. ಪಾರೊದಲ್ಲಿ ಆತ ಕಟ್ಟಿಸಿದ ದುಂಗ್ತ್ಸೆ ದೇಗುಲ ಇಂದಿಗೂ ಇದೆ. ಪಾರೊ-ಥಿಂಪು ಮಾರ್ಗದ ತಾಚೋಗ್ ಎಂಬಲ್ಲಿನ ಸೇತುವೆಯನ್ನು ಕಳೆದ ಶತಮಾನದಲ್ಲಿ ಪ್ರವಾಹ ಕೊಚ್ಚಿತಾದರೂ 2005ರಲ್ಲಿ ಹಳೆಯ ಕೊಂಡಿಗಳನ್ನೂ ಬಳಸಿ ಮತ್ತೆ ಕಟ್ಟಲಾಯಿತು. ಭಾರತದಲ್ಲೇ, ಅರುಣಾಚಲ ಪ್ರದೇಶದ ತವಾಂಗ್ ಸೀಮೆಯಲ್ಲಿ, ಆತನದೆಂದು ಹೇಳುವ ಸರಪಳಿ ಸೇತುವೆಯೊಂದಿದೆ. ಆ ಸ್ಥಳದ ಹೆಸರೇ ಚಕ್‌ಜಾಂ, ಅಂದರೆ ಕಬ್ಬಿಣದ ಸೇತುವೆ. ಆತನನ್ನೂ ಜನ ಚಕ್‌ಜಾಂಪಾ, ಕಬ್ಬಿಣದ ಸೇತುವೆಯವನು ಎಂದೇ ಕರೆದರು.

ಎಲ್ಲಕ್ಕಿಂತ ದೊಡ್ಡ ಸಾಹಸ ಲ್ಹಾಸಾದ ನೈರುತ್ಯಕ್ಕೆ, ಚುವೊರಿ ಬೆಟ್ಟದ ಬುಡದಲ್ಲಿ ತ್ಸಾಂಗ್ಪೊ ನದಿಗೆ ಕಟ್ಟಿದ್ದು. ಸಂಶೋಧಕರ ಗಣನೆಯಲ್ಲಿ ಅದು 1444ರದು. 1430 ಎಂದು ಬರೆದ ಪುಸ್ತಕಗಳೂ ಇವೆ. ನೂರು ಮೀಟರಿಗೂ ಮಿಗಿಲಾದ ಜಿಗಿತ. ನಾಲ್ಕೂವರೆ ಶತಮಾನದ ನಂತರ, 1904ರಲ್ಲಿ ಬ್ರಿಟಿಷ್ ಸೇನೆ ಲ್ಹಾಸಾ ಮೇಲೆ ದಂಡೆತ್ತಿ ಹೋದಾಗ ಆ ಸರಪಳಿಗಳು ಇನ್ನೂ ಸ್ವಸ್ಥಾನದಲ್ಲಿದ್ದವು. ಅಷ್ಟು ಹೊತ್ತಿಗೆ ನದಿಯ ಪಾತ್ರ ಅಗಲವಾಗಿ ಸೇತುವೆ ಬಳಕೆ ತಪ್ಪಿತ್ತು. ಸೈನ್ಯ ದೋಣಿಗಳಲ್ಲೇ ದಾಟಬೇಕಾಯಿತು. ದಾಟುವಾಗ ಮೇಜರ್ ಬ್ರೆದರ್ಟನ್ ಎಂಬ ಅಧಿಕಾರಿ ಸುಳಿಗೆ ಸಿಕ್ಕಿ ಮುಳುಗಿ ಸತ್ತ. ಸಂತನಿಗೆ ಪೆಟ್ಟು ಬಿದ್ದ ಕಾಲಕ್ಕೂ ಇಪ್ಪತ್ತನೆಯ ಶತಮಾನಕ್ಕೂ ನಡುವೆ ಆ ನೀರಿನ ಸ್ವಭಾವವೇನೂ ಬದಲಾಗಿರಲಿಲ್ಲ.

ಸಂಪ್ರದಾಯದ ಎಣಿಕೆಯಂತೆ ಆತ ಕಟ್ಟಿಸಿದ ಕಬ್ಬಿಣದ ಸೇತುವೆಗಳು 58, ನಡೆಸಿದ ದೋಣಿ ಕಡವುಗಳು 118. ಪುರಾಣದ ಅಂಕಿಗಳೆಂದು ಒಂದಿಷ್ಟು ಕಳೆದರೂ ಉಳಿಯುವುದು ಸಣ್ಣ ಸಂಖ್ಯೆಯಲ್ಲ.

ಏಳು ಅಕ್ಕತಂಗಿಯರು

ಕಬ್ಬಿಣ ದಾನವಾಗಿ ಬಂದರೂ ಕಮ್ಮಾರನ ಹೊಟ್ಟೆ ತುಂಬಬೇಕು. ಕಲ್ಲು ಹೊರುವವನಿಗೆ ತ್ಸಾಂಪಾ ಹಿಟ್ಟು, ಬೆಣ್ಣೆ ಚಹಾ ಬೇಕು. ಸೇತುವೆಗೆ ಹಣ ಸಾಲದೆ ಕೆಲಸ ನಿಲ್ಲುವ ಹಂತ ಮುಟ್ಟಿದಾಗ ನಾಟಕ ಹುಟ್ಟಿತು ಎಂಬುದು ಟಿಬೆಟನ್ ರಂಗಭೂಮಿಯ ಆದಿಕಥೆ. ಕೆಲಸಕ್ಕೆ ಬಂದವರಲ್ಲಿ ಏಳು ಮಂದಿ ಅಕ್ಕತಂಗಿಯರಿದ್ದರು. ರೂಪವಿತ್ತು, ಕಂಠವಿತ್ತು. ತಾಂಗ್‌ತೋಂಗ್ ಅವರಿಗೆ ಹಾಡು, ಹೆಜ್ಜೆ ಕಲಿಸಿದ. ಬುದ್ಧನ ಪೂರ್ವಜನ್ಮದ ಕತೆಗಳನ್ನು ಪ್ರಸಂಗಗಳಾಗಿ ಹೆಣೆದ. ತಾನು ತಾಳ, ನಗಾರಿ ಹಿಡಿದು ಹಿಮ್ಮೇಳಕ್ಕೆ ನಿಂತ. ಮೇಳ ಊರೂರು ತಿರುಗಿತು. ನೋಡಿದವರು ಸಾಕ್ಷಾತ್ ದೇವಿಯರೇ ಕುಣಿಯುತ್ತಿದ್ದಾರೆಂದು ಬೆರಗಾದರು. ಆ ಬೆರಗಿನಿಂದಲೇ ಆಟಕ್ಕೆ ಆಚೆ ಲ್ಹಾಮೊ ಎಂಬ ಹೆಸರು ನಿಂತಿತು. ಕಾಣಿಕೆಯಾಗಿ ಬಿದ್ದ ಧಾನ್ಯ, ಲೋಹ, ಒಡವೆಗಳು ಸೇತುವೆಗೆ ಹೋದವು.

ಶಾಲೆಯ ಕಟ್ಟಡಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಸಹಾಯಾರ್ಥ ಪ್ರದರ್ಶನ ನೀಡುತ್ತಿದ್ದ ನಮ್ಮ ವೃತ್ತಿ ನಾಟಕ ಕಂಪನಿಗಳನ್ನು ಬಲ್ಲ ಹಿರಿಯರಿಗೆ ಇದರಲ್ಲಿ ನಂಬಲಾಗದ್ದೇನೂ ಕಾಣದು. ಆದರೆ ಚರಿತ್ರೆಯ ವಿದ್ಯಾರ್ಥಿಗಳಿಗೆ ಒಂದು ತೊಡಕಿದೆ. ಸೇತುವೆಗಳ ಬಗ್ಗೆ ಅಷ್ಟು ವಿವರವಾಗಿ ಬರೆಯುವ ಹಳೆಯ ಜೀವನಚರಿತ್ರೆಗಳಲ್ಲಿ ಏಳು ಸೋದರಿಯರ ಮೇಳಕ್ಕೆ ಆಧಾರ ದೊರೆಯುವುದಿಲ್ಲ ಎಂದು ಸಂಶೋಧಕರು ಹೇಳುತ್ತಾರೆ. ಕತೆ ಬಾಯಿಂದ ಬಾಯಿಗೆ ಬಂದದ್ದು. ಮುಖವಾಡ, ಕುಣಿತ, ಕಥನಗಳು ಟಿಬೆಟ್‌ನಲ್ಲಿ ಅದಕ್ಕೂ ಮೊದಲೇ ಇದ್ದವು. ಪಿತೃತ್ವದ ಪ್ರಶ್ನೆಯನ್ನು ಹೀಗೆ ಕೆದಕಬಹುದಾದರೂ ಕಲಾವಿದರು ಮಾತ್ರ ತಮ್ಮ ಮೂಲಗುರುವನ್ನು ಬಿಟ್ಟುಕೊಟ್ಟಿಲ್ಲ. ಲ್ಹಾಮೊದ ಅತಿ ಹಳೆಯ ಬಗೆಯೆನಿಸಿದ ಬಿಳಿ ಮುಖವಾಡದ ಮೇಳಗಳಲ್ಲಿ ಆ ಮುಖವಾಡದ ಬಿಳಿ ಗಡ್ಡ, ಬಿಳಿ ಹುಬ್ಬು ಸಾಕ್ಷಾತ್ ತಾಂಗ್‌ತೋಂಗ್‌ನದೇ ಎಂದು ಅವರು ನಂಬುತ್ತಾರೆ.

ಆಟದ ಸ್ವರೂಪವನ್ನು ಯಕ್ಷಗಾನ ಬಲ್ಲವರಿಗೆ ವಿವರಿಸುವುದು ಸುಲಭ. ಪರದೆಯಿಲ್ಲ, ದೃಶ್ಯ ಸಜ್ಜಿಕೆಯಿಲ್ಲ. ತಲೆಯ ಮೇಲೊಂದು ಬಿಳಿಯ ಡೇರೆ, ಸುತ್ತ ವೃತ್ತಾಕಾರದಲ್ಲಿ ಪ್ರೇಕ್ಷಕರು. ವಾದ್ಯವೆಂದರೆ ಒಂದು ನಗಾರಿ, ಒಂದು ಜೊತೆ ತಾಳ, ಅಷ್ಟೆ. ಭಾಗವತನ ಜಾಗದಲ್ಲಿ ಒಬ್ಬ ಕಥನಕಾರ. ಆತ ಗದ್ಯವನ್ನು ಉಸಿರು ಬಿಡದ ವೇಗದಲ್ಲಿ ಪಠಿಸಿ ಕತೆಯನ್ನು ಮುಂದೂಡುತ್ತಾನೆ. ನಂತರ ಪಾತ್ರಧಾರಿ ನಾಮ್‌ಥರ್ ಎಂಬ ಹಾಡನ್ನು ಎತ್ತುತ್ತಾನೆ. ಬಯಲನ್ನು ತುಂಬುವ ಏರುಕಂಠ, ಗಂಟಲಿನಲ್ಲೇ ಸ್ವರವನ್ನು ಮುರಿದು ತಿರುಗಿಸುವ ಗಮಕ. ಉಳಿದವರು ಕೊನೆಯಲ್ಲಿ ದನಿಗೂಡಿಸುತ್ತಾರೆ. ಪೂರ್ವರಂಗದಲ್ಲಿ ನೀಲಿ ಮುಖವಾಡದ ಬೇಟೆಗಾರರು ನೆಲವನ್ನು ಶುದ್ಧಿಗೊಳಿಸುತ್ತಾರೆ, ಎತ್ತರದ ಟೋಪಿಯ ಹಿರಿಯರು ಹರಸುತ್ತಾರೆ, ದೇವಿಯರು ಹಾಡುತ್ತಾರೆ. ಆಮೇಲೆ ಪ್ರಸಂಗ.

ಪ್ರಸಂಗಗಳು ಭಾರತದಿಂದ ಬಹಳ ದೂರದವಲ್ಲ. ಎಲ್ಲವನ್ನೂ, ಕೊನೆಗೆ ಹೆಂಡತಿ ಮಕ್ಕಳನ್ನೂ ಕಣ್ಣನ್ನೂ ದಾನ ಮಾಡುವ ರಾಜಕುಮಾರ ದ್ರಿಮೆ ಕುಂದೆನ್‌ನ ಕತೆ ವೆಸ್ಸಂತರ ಜಾತಕದ ರೂಪಾಂತರ. ರಾಜಕುಮಾರ ನೊರ್ಸಾಂಗ್‌ನ ಕತೆ ಸುಧನ-ಮನೋಹರೆಯರ ಪ್ರೇಮಕಥೆ. ವನವಾಸಿ ಋಷಿಯ ಆಶ್ರಮದಲ್ಲಿ ಬೆಳೆದು ರಾಜನ ಕೈಹಿಡಿಯುವ ಸುಕ್ಯೀ ನೀಮಾಳನ್ನು ಕಂಡರೆ ಶಕುಂತಲೆ ನೆನಪಾಗದಿರದು. ಪೂರ್ತಿ ಟಿಬೆಟನ್ ನೆಲದ್ದು ನಾಂಗ್ಸಾ ಓಬುಂ ಎಂಬ ಪ್ರಸಂಗ: ಅತ್ತೆಮನೆಯಲ್ಲಿ ಹೊಡೆತ ತಿಂದು ಸತ್ತು, ಯಮನ ಬಳಿಯಿಂದ ಮರಳಿ ಬಂದು ಸಾಧ್ವಿಯಾಗುವ ಸೊಸೆಯ ಕತೆ. ಅದನ್ನು ನೋಡಿ ಅಳದ ಹೆಂಗಸಿಲ್ಲ ಎನ್ನುತ್ತಾರೆ.

ಒಂದು ವ್ಯಂಗ್ಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಏಳು ಹೆಣ್ಣುಮಕ್ಕಳಿಂದ ಹುಟ್ಟಿತೆಂದು ಹೇಳಿಕೊಳ್ಳುವ ಈ ಕಲೆಯ ಹೆಚ್ಚಿನ ಮೇಳಗಳಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಗಂಡಸರೇ ಸ್ತ್ರೀಪಾತ್ರ ವಹಿಸುತ್ತಿದ್ದರು. ನಮ್ಮ ಕಂಪನಿ ನಾಟಕಗಳ ಆರಂಭದ ದಿನಗಳಲ್ಲೂ ಇದೇ ಸ್ಥಿತಿ ಇದ್ದುದರಿಂದ ನಗುವ ಅಧಿಕಾರ ನಮಗಿಲ್ಲ.

ರಿವೋಚೆಯ ರಾಜಕುಮಾರಿ

ಇಳಿವಯಸ್ಸಿನಲ್ಲಿ ತಾಂಗ್‌ತೋಂಗ್ ಪಶ್ಚಿಮ ಸಾಂಗ್‌ನ ಚುಂಗ್ ರಿವೋಚೆಯಲ್ಲಿ ನೆಲೆನಿಂತ. 1449ರಲ್ಲಿ ಅಲ್ಲಿ ಅಂತಸ್ತು ಅಂತಸ್ತಾಗಿ ಮೇಲೇರುವ ಬೃಹತ್ ಸ್ತೂಪದ ನಿರ್ಮಾಣ ಆರಂಭವಾಯಿತು. ಜನ ಕೆಲಸಕ್ಕೆ ಬರಲು ಒಪ್ಪುತ್ತಿರಲಿಲ್ಲ, ಬಂದವರು ಗೊಣಗುತ್ತಿದ್ದರು. ಬಿಟ್ಟಿ ದುಡಿಮೆಯನ್ನು ಪುಣ್ಯವೆಂದು ನಂಬಿಸುವುದು ಯಾವ ಕಾಲದಲ್ಲೂ ಸುಲಭವಲ್ಲ. ಆ ಸ್ತೂಪ ಕೆಲವೇ ವರ್ಷಗಳಲ್ಲಿ ಪೂರ್ಣಗೊಂಡಿತು. ಹತ್ತಿರದಲ್ಲೇ ಒಂದು ಸರಪಳಿ ಸೇತುವೆಯೂ ಇದೆ.

ಇಲ್ಲಿಗೆ ಆತನನ್ನು ಹುಡುಕಿಕೊಂಡು ಬಂದವಳು ಗುಂಗ್‌ತಾಂಗ್ ರಾಜ್ಯದ ರಾಜಕುಮಾರಿ ಚೋಕ್ಯೀ ದ್ರೋನ್ಮಾ. 1422ರಲ್ಲಿ ಜನಿಸಿದ ಈಕೆ ಮದುವೆಯಾಗಿ, ತಾಯಿಯಾಗಿ, ಮಗುವನ್ನು ಕಳೆದುಕೊಂಡು, ಅರಮನೆ ತೊರೆದು ಸನ್ಯಾಸ ಸ್ವೀಕರಿಸಿದ್ದಳು. ಗುರು ಬೊದೊಂಗ್ ಚೊಗ್ಲೆ ನಾಮ್‌ಗ್ಯಾಲ್ 1451ರಲ್ಲಿ ತೀರಿಕೊಂಡ ಮೇಲೆ ಹುಚ್ಚ ಸಂತನ ಬಳಿಗೆ ಬಂದಳು. ಆತ ಆಕೆಯನ್ನು ವಜ್ರವಾರಾಹಿಯ ಅವತಾರವೆಂದು ಗುರುತಿಸಿ ಗೌರವಿಸಿದ. ಆಕೆ ಆತನ ನಿರ್ಮಾಣ ಕಾರ್ಯಗಳಿಗೆ ಹೆಗಲು ಕೊಟ್ಟಳು. ಮೂವತ್ತೈದು ದಾಟುವ ಮೊದಲೇ ಆಕೆ ಮರಣ ಹೊಂದಿದಳು. ಆಕೆಯಿಂದ ಸಾಮ್ದಿಂಗ್ ದೋರ್ಜೆ ಫಾಗ್ಮೊ ಎಂಬ, ಟಿಬೆಟ್‌ನ ಅತ್ಯಂತ ಪ್ರಸಿದ್ಧ ಸ್ತ್ರೀ ಅವತಾರ ಪರಂಪರೆ ಮೊದಲಾಯಿತು. ಹೆಣ್ಣುಮಕ್ಕಳಿಗೆ ಧರ್ಮದಲ್ಲಿ ಎರಡನೆಯ ಸಾಲು ಮೀಸಲಾಗಿದ್ದ ಕಾಲದಲ್ಲಿ ಹುಚ್ಚನೆನಿಸಿಕೊಂಡ ಒಬ್ಬ ಗುರು ತೋರಿದ ಈ ಮರ್ಯಾದೆ, ಸೇತುವೆಗಳಷ್ಟೇ ಗಮನಾರ್ಹವಾದದ್ದು.

ಲ್ಹಾಸಾದ ಚಕ್‌ಪೊರಿ ಬೆಟ್ಟದ ಮೇಲೆ ಆತ ದೇಗುಲ ಕಟ್ಟಿಸಿದ್ದ; 1696ರಲ್ಲಿ ಆ ಬೆಟ್ಟದಲ್ಲೇ ಟಿಬೆಟ್‌ನ ಹೆಸರಾಂತ ವೈದ್ಯ ವಿದ್ಯಾಲಯ ಸ್ಥಾಪನೆಯಾಯಿತು. ಸಾಕ್ಯ ಪ್ರದೇಶದಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಆತ ರಚಿಸಿದ ಪ್ರಾರ್ಥನೆಯನ್ನು ಟಿಬೆಟನ್ನರು ಇಂದಿಗೂ ಬಿಟ್ಟಿಲ್ಲ. 2020ರ ಕೊರೊನಾ ದಿನಗಳಲ್ಲಿ ಅದು ಮತ್ತೆ ಬಹಳ ಕಡೆ ಕೇಳಿಬಂತು. ಆತನ ಹೆಸರು ಹೇಳಿಕೊಂಡು ಊರೂರು ತಿರುಗುವ ಲಾಮಾ ಮಣಿ ಎಂಬ ಕಥೆಗಾರರು ಚಿತ್ರಪಟ ತೂಗುಹಾಕಿ, ಕೋಲಿನಿಂದ ತೋರಿಸುತ್ತ ನಾಂಗ್ಸಾಳ ಕತೆ ಹಾಡುತ್ತಿದ್ದರು. ಹಿಮಾಚಲದ ಸ್ಪಿತಿ ಕಣಿವೆಯ ಬುಚೆನ್ ಕಲಾವಿದರು ಅದೇ ಪರಂಪರೆಯವರು. ಮಲಗಿದವನ ಹೊಟ್ಟೆಯ ಮೇಲೆ ಬಂಡೆಯಿಟ್ಟು ಒಡೆದು ರೋಗದ ಭೂತವನ್ನು ಓಡಿಸುವ ಅವರ ಆಚರಣೆಯ ಮೂಲವನ್ನೂ ಈ ಸಂತನಿಗೇ ಕಟ್ಟುತ್ತಾರೆ.

ರಿವೋಚೆಯಲ್ಲೇ ಆತನ ದೇಹಾಂತ್ಯವಾಯಿತು.

ಮೊಸರಿನ ಹಬ್ಬ

ಆತನ ನಂತರ ಲ್ಹಾಮೊ ಬೆಳೆದದ್ದು ಲ್ಹಾಸಾದ ಷೊತೊನ್ ಹಬ್ಬದ ಆಸರೆಯಲ್ಲಿ. ಷೊ ಎಂದರೆ ಮೊಸರು, ತೊನ್ ಎಂದರೆ ಔತಣ. ಬೇಸಿಗೆಯ ಏಕಾಂತ ವ್ರತ ಮುಗಿಸಿದ ಭಿಕ್ಷುಗಳಿಗೆ ಮೊಸರು ನೀಡುವ ಪದ್ಧತಿಯಿಂದ ಹುಟ್ಟಿದ ಹಬ್ಬವಿದು. ಕಾಲಕ್ರಮದಲ್ಲಿ ದಲೈಲಾಮಾರ ಬೇಸಿಗೆ ಅರಮನೆಯಾದ ನೊರ್ಬುಲಿಂಕದಲ್ಲಿ ದಿನಗಟ್ಟಲೆ ನಡೆಯುವ ನಾಟಕೋತ್ಸವವಾಯಿತು. ಪ್ರಾಂತ್ಯಗಳ ಮೇಳಗಳು ತೆರಿಗೆಯ ರೂಪದಲ್ಲಿ ಬಂದು ಆಡಬೇಕಿತ್ತು. ಗ್ಯಾಂಗ್‌ಕರ್, ಚುಂಗ್, ಶಾಂಗ್, ಕ್ಯೋರ್ಮೊಲುಂಗ್ ಎಂಬ ನಾಲ್ಕು ಮಟ್ಟುಗಳು ಪ್ರಸಿದ್ಧವಾದವು. ಇವುಗಳಲ್ಲಿ ಚುಂಗ್ ಮೇಳ ಸಂತನ ರಿವೋಚೆಯದು.

ಪ್ರೇಕ್ಷಕರ ಪಾಲಿಗೆ ಅದು ನಾಟಕವೂ ಹೌದು, ವನಭೋಜನವೂ ಹೌದು. ಕುಟುಂಬಗಳು ಚಾಪೆ, ಡೇರೆ, ಬೆಣ್ಣೆ ಚಹಾದ ಪಾತ್ರೆ, ಬಾರ್ಲಿಯ ಛಾಂಗ್, ತಿಂಡಿಗಳ ಬುತ್ತಿಯೊಡನೆ ಬೆಳಿಗ್ಗೆಯೇ ಬಂದು ಬೀಡುಬಿಡುತ್ತಿದ್ದವು. ತಿನ್ನುತ್ತ, ಮಾತಾಡುತ್ತ, ಯಾವ ಮೇಳದ ಯಾವ ಗಾಯಕ ಕಳೆದ ವರ್ಷ ಅದೇ ಹಾಡನ್ನು ಹೇಗೆ ಎತ್ತಿದ್ದ ಎಂದು ಜಗಳವಾಡುತ್ತ, ತಮಗೆ ಪ್ರಿಯವಾದ ನಾಮ್‌ಥರ್ ಬಂದ ಕೂಡಲೇ ಮೌನವಾಗುತ್ತಿದ್ದವು. ಕತೆಯ ನಡುವೆ ವಿದೂಷಕರು ನುಗ್ಗಿ ಅಧಿಕಾರಿಗಳನ್ನು, ಭಿಕ್ಷು ಭಿಕ್ಷುಣಿಯರನ್ನು, ಮೈಮೇಲೆ ದೇವರು ಬರಿಸಿಕೊಳ್ಳುವವರನ್ನು ಎಗ್ಗಿಲ್ಲದೆ ಗೇಲಿ ಮಾಡುತ್ತಿದ್ದರು. ಗೇಲಿಗೊಳಗಾದವರು ಎದುರಿಗೇ ಕುಳಿತು ನಗಬೇಕಿತ್ತು. ಲಂಚಾವತಾರ ಆಡಿದ ಮಾಸ್ಟರ್ ಹಿರಣ್ಣಯ್ಯನವರ ನಾಡಿನವರಿಗೆ ಆ ಸ್ವಾತಂತ್ರ್ಯದ ರುಚಿ ಗೊತ್ತು. ಆಟದ ಕೊನೆಗೆ ರೇಷ್ಮೆಯ ಶಾಲಿನಲ್ಲಿ ನಾಣ್ಯ ಕಟ್ಟಿ ರಂಗಕ್ಕೆ ಎಸೆಯುವುದು ಮೆಚ್ಚುಗೆಯ ರೀತಿ.

1959ರ ಮಾರ್ಚ್‌ನಲ್ಲಿ ಇದೆಲ್ಲ ಕಡಿದುಬಿತ್ತು. ಚೀನಾ ಸೇನೆಯ ಫಿರಂಗಿಗಳಿಗೆ ಚಕ್‌ಪೊರಿ ವಿದ್ಯಾಲಯ ನಾಶವಾಯಿತು. ನೊರ್ಬುಲಿಂಕ ಶೆಲ್‌ಗಳ ಹೊಡೆತಕ್ಕೆ ಸಿಕ್ಕಿತು. ದಲೈಲಾಮಾ ಭಾರತಕ್ಕೆ ಬಂದರು. ಅದೇ ವರ್ಷದ ಆಗಸ್ಟ್‌ನಲ್ಲಿ, ನಿರಾಶ್ರಿತರಿಗೆ ಇನ್ನೂ ಸರಿಯಾದ ಸೂರಿಲ್ಲದ ಹೊತ್ತಿನಲ್ಲಿ, ಕಾಲಿಂಪಾಂಗ್‌ನಲ್ಲಿ ಟಿಬೆಟನ್ ಸಂಗೀತ, ನೃತ್ಯ ಮತ್ತು ನಾಟಕ ಸಂಘವೊಂದು ಸ್ಥಾಪನೆಯಾಯಿತು. ಅದೇ ಮುಂದೆ ಧರ್ಮಶಾಲೆಯ ಟಿಬೆಟನ್ ಪ್ರದರ್ಶನ ಕಲೆಗಳ ಸಂಸ್ಥೆಯಾಗಿ ಬೆಳೆಯಿತು. ಪುಸ್ತಕದಲ್ಲಿ ಸಿಗುವುದು ಕತೆ ಮಾತ್ರ. ಮಟ್ಟು, ಹೆಜ್ಜೆ, ತಾಳ ಎಲ್ಲವೂ ಗಡಿ ದಾಟಿ ಬಂದ ಕೆಲವೇ ಹಿರಿಯರ ನೆನಪಿನಲ್ಲಿದ್ದವು. ಅವರು ತೀರಿಕೊಳ್ಳುವ ಮೊದಲು ಹುಡುಗ ಹುಡುಗಿಯರಿಗೆ ಕಲಿಸಿ ಮುಗಿಸಬೇಕಿತ್ತು.

ಬೈಲಕುಪ್ಪೆಯ ಕತೆ ಆರಂಭವಾಗುವುದೂ ಆಗಲೇ. ಅಂದಿನ ಮೈಸೂರು ಸರ್ಕಾರ 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3000 ಎಕರೆ ಅರಣ್ಯ ಭೂಮಿಯನ್ನು ನಿರಾಶ್ರಿತರಿಗಾಗಿ ನೀಡಿತು. ಲುಗ್‌ಸುಂಗ್ ಸಾಮ್ದುಪ್ಲಿಂಗ್ ಶಿಬಿರ ತಲೆಯೆತ್ತಿತು; 1969ರಲ್ಲಿ ಡಿಕ್ಯಿ ಲಾರ್ಸೊ ಎಂಬ ಎರಡನೆಯದು ಸೇರಿತು. ನಾಮ್‌ದ್ರೋಲಿಂಗ್ ವಿಹಾರ 1963ರಲ್ಲಿ ಮೊದಲುಗೊಂಡಿತು; ಸ್ವರ್ಣ ದೇವಾಲಯ ಉದ್ಘಾಟನೆಯಾದದ್ದು 1999ರಲ್ಲಿ. ಹಿಮದಿಂದ ಬಂದವರು ಬಿದಿರು, ಆನೆ, ಸೆಕೆ, ಮಳೆಗಾಲಗಳ ನಡುವೆ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಹಳೆಯ ಪೀಳಿಗೆ ಆ ದಿನಗಳಲ್ಲಿ ಹಾತೊರೆದದ್ದು ಹಿಟ್ಟಿಗೆ, ಬೆಣ್ಣೆಗೆ ಮಾತ್ರವಲ್ಲ. ಇನ್ನೆಂದೂ ಡೇರೆ ಹಾಕಲಾಗದ ನೊರ್ಬುಲಿಂಕದ ತೋಟದಲ್ಲಿ ಉಂಡ ಮೊಸರಿಗೂ ಕೇಳಿದ ಹಾಡಿಗೂ ಅವರ ನೆನಪಿನಲ್ಲಿ ಬೇರೆ ಬೇರೆ ಜಾಗವಿರಲಿಲ್ಲ.

ಶಿಬಿರಗಳಲ್ಲಿ ಮೇಳಗಳು ಮತ್ತೆ ಕೂಡಿದವು. ಬೈಲಕುಪ್ಪೆ, ಮುಂಡಗೋಡ ಮೊದಲಾದ ಕಡೆಯ ಲ್ಹಾಮೊ ತಂಡಗಳು ದೇಶಾಂತರದ ಷೊತೊನ್ ಉತ್ಸವಗಳಲ್ಲಿ ಧರ್ಮಶಾಲೆಯವರೊಡನೆ ಸಮನಾಗಿ ನಿಂತು ಆಡಿವೆ. ಇಲ್ಲಿ ಕಲಾವಿದರೆಂದರೆ ಹಗಲು ಹೊಲ ನೋಡಿಕೊಳ್ಳುವವರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವವರು, ಶಾಲೆಯ ಅಧ್ಯಾಪಕರು. ಸ್ತ್ರೀಪಾತ್ರಗಳನ್ನು ಈಗ ಹೆಣ್ಣುಮಕ್ಕಳೇ ವಹಿಸುತ್ತಾರೆ. ಅತ್ತ ಟಿಬೆಟ್‌ನಲ್ಲೂ ಲ್ಹಾಮೊ ಉಳಿದಿದೆ. ಚೀನಾದ ಪ್ರಸ್ತಾವದಂತೆ 2009ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ಕಲೆ, ಎರಡು ಕಡೆ. ಎರಡೂ ಕಡೆಯವರು ಮೊದಲು ನಮಸ್ಕರಿಸುವುದು ಬಿಳಿ ಗಡ್ಡದ ಅದೇ ಸರಪಳಿಗಾರನಿಗೆ.

ಬೈಲಕುಪ್ಪೆಯ ಯುವಕರಲ್ಲಿ ಹಲವರು ಈಗ ಬೆಂಗಳೂರು, ಯೂರೋಪ್, ಅಮೆರಿಕಗಳತ್ತ ಹೊರಟಿದ್ದಾರೆ. ಇಡೀ ದಿನದ ಪ್ರಸಂಗವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ಕಥನಕಾರರು ವಿರಳವಾಗುತ್ತಿದ್ದಾರೆ. ಹಲವೆಡೆ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಲಾಗಿದೆ. ಆದರೂ ಪೂರ್ವರಂಗವನ್ನು ಮಾತ್ರ ಬಿಡುವುದಿಲ್ಲ. ನೀಲಿ ಮುಖವಾಡದ ಬೇಟೆಗಾರರು ಬಂದು ನೆಲ ಶುದ್ಧಿ ಮಾಡಿದ ನಂತರವೇ ಕಥನಕಾರ ಬಾಯಿ ತೆರೆಯುತ್ತಾನೆ.